ಬಾಲಕ್ಕೆ ಎರಡೂವರೆ ತೊಲ

ಗಾಂಧಿ ಬಜಾರಿನ ಒಳಓಣಿಯಲ್ಲಿ ಅವರ ಅಂಗಡಿಗೆ ಬೋರ್ಡು ಬರೆದವನು ನಾನೇ. ‘ರೇಡಿಯೊ ರಿಪೇರಿ’ ಎಂದು ಎರಡೇ ಮಾತು. ಹೆಸರು ಬೇಡವೇ ಎಂದು ಕೇಳಿದ್ದೆ. ಅಕ್ಷರಕ್ಕೆ ಇಷ್ಟು ಎಂದು ಕೂಲಿ ಪಡೆಯುವವನಿಗೆ ಗಿರಾಕಿಯ ಹೆಸರು ಉದ್ದವಿದ್ದಷ್ಟೂ ಒಳ್ಳೆಯದು.

“ಹೆಸರು ಯಾಕಪ್ಪಾ? ರೇಡಿಯೊ ಕೆಟ್ಟೋರು ರೇಡಿಯೊ ಅಂತ ಓದ್ಕೊಂಡು ಬರ್ತಾರೆ. ಅಷ್ಟು ಸಾಕು,” ಎಂದರು.

ಅದಕ್ಕೇ ಇಲ್ಲಿಯೂ ಅವರ ಹೆಸರು ಬರೆಯುವುದಿಲ್ಲ. ಬಜಾರಿನವರೆಲ್ಲ ಕರೆಯುತ್ತಿದ್ದ ಹಾಗೆ ಸಾಹೇಬರು ಎನ್ನುತ್ತೇನೆ. ಹೋದ ತಿಂಗಳು ಅವರು ತೀರಿಕೊಂಡರು. ನಾನು ಏಳನೆಯ ತರಗತಿಯವರೆಗೆ ಓದಿದವನು. ಇದುವರೆಗೆ ಬರೆದದ್ದೆಲ್ಲ ತಗಡಿನ ಮೇಲೆ, ಹಲಗೆಯ ಮೇಲೆ, ಮೂರು ನಾಲ್ಕು ಮಾತಿಗೆ ಮೀರದಂತೆ. ಕಾಗದದ ಮೇಲೆ ಇಷ್ಟುದ್ದ ಬರೆಯುತ್ತಿರುವುದು ಇದೇ ಮೊದಲು. ಸಾಲು ಡೊಂಕಾಗಿದ್ದರೆ ಓದುವವರು ಕ್ಷಮಿಸಬೇಕು. ದಾರ ಹಿಡಿದು ಸುಣ್ಣದ ಗೆರೆ ಹೊಡೆದುಕೊಳ್ಳುವ ಅನುಕೂಲ ಕಾಗದದ ಮೇಲೆ ಇಲ್ಲ.

ನನ್ನ ಅಂಗಡಿ ಅವರ ಅಂಗಡಿಯ ಎದುರಿಗೇ ಇದೆ. ಹೀಗಾಗಿ ಅವರ ಕೆಲಸವನ್ನು ನೋಡುತ್ತ ನನ್ನ ಎಷ್ಟೋ ಬೋರ್ಡುಗಳು ತಡವಾಗಿವೆ. ಯಾರಾದರೂ ಕೆಟ್ಟ ರೇಡಿಯೊ ತಂದರೆ ಅವರು ಅದನ್ನು ಮುಟ್ಟುವ ಮೊದಲು ತಂದವರನ್ನು ವಿಚಾರಿಸುತ್ತಿದ್ದರು. ಮನೆಯಲ್ಲಿ ಎಲ್ಲಿಟ್ಟಿದ್ದೀರಿ, ಕಿವಿ ತಿರುಗಿಸುವವರು ಯಾರು, ಕೆಟ್ಟ ದಿನ ಏನು ಹಾಡುತ್ತಿತ್ತು. ಅಡಿಕೆ ಮಂಡಿಯ ಸಾಹುಕಾರರೊಬ್ಬರು ಒಮ್ಮೆ ರೇಗಿದರು.

“ರಿಪೇರಿ ಮಾಡಿ ಅಂದ್ರೆ ಜಾತಕ ಕೇಳ್ತೀರಲ್ರೀ.”

ಸಾಹೇಬರು ಪೆಟ್ಟಿಗೆಯ ಹಿಂಭಾಗಕ್ಕೆ ಮೂಗು ತಂದು ಮೂಸಿದರು. “ಒಲೆ ಪಕ್ಕದ ಗೂಡಲ್ಲಿಟ್ಟಿದೀರಿ ಅಲ್ವಾ ಸಾಹುಕಾರ್ರೇ? ಒಳಗೆಲ್ಲ ಒಗ್ಗರಣೆ. ರೇಡಿಯೊ ನಾನು ಸರಿ ಮಾಡಿಕೊಡ್ತೀನಿ, ಗೂಡು ನೀವು ಬದಲಾಯಿಸಿ.”

ಸರಿಯಾದ ರೇಡಿಯೊವನ್ನು ಅವರು ಕೂಡಲೇ ಕೊಡುತ್ತಿರಲಿಲ್ಲ. ಒಂದು ಇಡೀ ದಿನ ತಮ್ಮ ಅಂಗಡಿಯಲ್ಲಿ ಹಾಡಿಸಿ, ಅದು ನಡುವೆ ಕೆಮ್ಮದಿದ್ದರೆ ಮಾತ್ರ ಕಳಿಸುವರು. ಒಂದೇ ಸಲಕ್ಕೆ ಮೂರು ನಾಲ್ಕು ರೇಡಿಯೊ ಹಾಡುವ ದಿನ ನನ್ನ ಅಕ್ಷರಗಳು ಒಂದರ ಹೆಗಲ ಮೇಲೊಂದು ಹತ್ತುತ್ತಿದ್ದವು. ಆ ದಿನಗಳಲ್ಲಿ ಬರೆದ ಬೋರ್ಡುಗಳು ಈಗಲೂ ಊರಿನಲ್ಲಿ ಒಂದೆರಡು ಇವೆ. ನಾನು ಆ ಬೀದಿಗಳಲ್ಲಿ ತಲೆ ತಗ್ಗಿಸಿ ನಡೆಯುತ್ತೇನೆ.

ದೊಡ್ಡ ಯುದ್ಧದ ಕಾಲದಲ್ಲಿ ಅವರು ಬರ್ಮಾ ಗಡಿಯ ವಿಮಾನ ನಿಲ್ದಾಣವೊಂದರಲ್ಲಿ ವೈರ್‌ಲೆಸ್ ಮೆಕ್ಯಾನಿಕ್ ಆಗಿದ್ದರು. “ಎಷ್ಟೋ ವಿಮಾನಕ್ಕೆ ಕಿವಿ ಕೊಟ್ಟೆ ಮಾರಾಯ, ಒಂದರಲ್ಲೂ ಕೂತಿಲ್ಲ,” ಎನ್ನುತ್ತಿದ್ದರು. ಅದರಲ್ಲಿ ದುಃಖವೇನೂ ಇರಲಿಲ್ಲ. ಹೋದ ವಿಮಾನ ವಾಪಸು ಬಂದರೆ ಅದರ ವೈರ್‌ಲೆಸ್ ಬಿಚ್ಚಿ ಪ್ರತಿಯೊಂದು ಬೆಸುಗೆಯನ್ನೂ ಎಳೆದು ನೋಡುವುದು ಅವರ ಕೆಲಸವಂತೆ. ಇಂಜಿನ್ನಿನ ನಡುಕಕ್ಕೆ ಹೋಗುವುದು ಮೊದಲು ಬೆಸುಗೆಯೇ ಎಂದು ಹೇಳುವರು.

ನನಗೆ ಅವರು ಹತ್ತಿರವಾಗುವ ಹೊತ್ತಿಗೆ ಅವರಿಗೆ ಐವತ್ತೈದು ದಾಟಿತ್ತು. ಬಲಗೈ ನಡುಗಲು ಶುರುವಾಗಿತ್ತು. ಚಹಾದಂಗಡಿಯವನಿಗೆ ಅರ್ಧ ಲೋಟ ಮಾತ್ರ ಹಾಕಲು ಹೇಳುವರು. “ಉಳಿದರ್ಧ ಹೇಗಿದ್ರೂ ಪೈಜಾಮ ಕುಡಿಯುತ್ತೆ.” ಬೆಸುಗೆ ಹಾಕುವಾಗ ಬಟ್ಟೆ ಸುತ್ತಿದ ಇಟ್ಟಿಗೆಯ ಮೇಲೆ ಮಣಿಕಟ್ಟು ಊರಿ, ಉಸಿರು ಹಿಡಿದು ಕಾಯುವರು. “ನಡುಕಕ್ಕೂ ಒಂದು ತಾಳ ಇದೆ. ಎರಡು ಪೆಟ್ಟಿನ ಮಧ್ಯೆ ಒಂದು ಖಾಲಿ ಸಿಗುತ್ತೆ. ಅಲ್ಲಿ ಬೆಸೆದುಬಿಡ್ತೀನಿ.” ಹಾಗೆ ಕಾದು ಕೂತವರನ್ನು ಕಂಡವರಿಗೆ ಸಾಹೇಬರು ನಿದ್ದೆ ಹೋಗಿದ್ದಾರೆ ಎಂದೇ ಅನ್ನಿಸುತ್ತಿತ್ತು.

ಈಗ ಹೇಳಹೊರಟಿರುವ ಆಟದ ವಿಮಾನ ಬಂದದ್ದು ಭದ್ರಾವತಿಯಿಂದ. ಅಲ್ಲಿಯ ಕಾರ್ಖಾನೆಗೆ ಯಂತ್ರ ಕೂರಿಸಲು ಬಂದಿದ್ದ ಜರ್ಮನಿಯ ಎಂಜಿನಿಯರೊಬ್ಬನ ರೇಡಿಯೊವನ್ನು ಸಾಹೇಬರು ಸರಿ ಮಾಡಿಕೊಟ್ಟಿದ್ದರು. ಅವನು ಊರಿಗೆ ಹೊರಡುವಾಗ ತಾನು ತಂದಿದ್ದರೂ ಬಿಚ್ಚದೆ ಇಟ್ಟಿದ್ದ ಒಂದು ಪೆಟ್ಟಿಗೆಯನ್ನು ಇವರಿಗೆ ಕೊಟ್ಟುಹೋದ. ಅದರಲ್ಲಿ ಆಟದ ವಿಮಾನ ಕಟ್ಟುವ ಸಾಮಾನಿತ್ತು: ಕೈಯಲ್ಲಿ ಹಿಡಿದರೆ ಏನೂ ಹಿಡಿದಿಲ್ಲ ಎನ್ನಿಸುವಷ್ಟು ಹಗುರವಾದ ಮರದ ತುಂಡುಗಳು, ಮೈಗೆ ಹೊದಿಸಲು ತೆಳು ಕಾಗದ, ನಿಂಬೆಹಣ್ಣಿನ ಗಾತ್ರದ ಇಂಜಿನ್ನು. ಕೊನೆಗೆ ಅಲಂಕಾರಕ್ಕೆ ಅಂಟಿಸಲು ಅಚ್ಚಿನ ಚಿತ್ರಗಳ ಒಂದು ಹಾಳೆ. ನೆಲದ ಮೇಲೆ ನಿಂತು ಅದನ್ನು ತಿರುಗಿಸುವ ರೇಡಿಯೊ ಮಾತ್ರ ಇರಲಿಲ್ಲ. ಅದನ್ನು ಸಾಹೇಬರು ತಾವೇ ಕಟ್ಟಿದರು. ಕೈಯಲ್ಲಿ ಹಿಡಿಯುವ ಪೆಟ್ಟಿಗೆಗೆ ಒಂದೇ ಗುಂಡಿ. ಒತ್ತಿ ಹಿಡಿದರೆ ವಿಮಾನ ಬಲಕ್ಕೆ ಹೊರಳುತ್ತದೆ, ಬಿಟ್ಟರೆ ನೇರ ಹೋಗುತ್ತದೆ, ಮತ್ತೆ ಒತ್ತಿದರೆ ಎಡಕ್ಕೆ.

ಎರಡು ವರ್ಷ ಅದರ ಕೆಲಸ ನಡೆಯಿತು. ಈ ವಯಸ್ಸಿನಲ್ಲಿ ಆಟಿಕೆ ಯಾಕೆ ಎಂದು ನಾನು ಕೇಳಿದಾಗ ಅವರು ಹೇಳಿದ್ದು ಇದು:

“ಮೇಜಿನ ಮೇಲಿನ ರೇಡಿಯೊ ಸುಳ್ಳು ಹೇಳುತ್ತೆ ಮಾರಾಯ. ಕುಂತಲ್ಲೇ ಕುಂತಿರುತ್ತೆ. ಬೆಸುಗೆ ಅರ್ಧ ಹಿಡಿದಿದ್ರೂ ಹಾಡುತ್ತೆ. ವಿಮಾನದಲ್ಲಿ ಹಾಗಲ್ಲ, ಇಂಜಿನ್ ಜಾಡಿಸುತ್ತೆ. ಅಲ್ಲಿ ನನ್ನ ಬೆಸುಗೆ ನಿಂತ್ರೆ ನನ್ನ ಕೈ ಇನ್ನೂ ಇದೆ ಅಂತ ಅರ್ಥ. ಅಂಗಡಿ ನಡೆಸ್ತೀನಿ. ನಿಲ್ಲದಿದ್ರೆ ಜನರ ರೇಡಿಯೊ ಹಾಳು ಮಾಡೋದು ಯಾಕೆ? ಮುಚ್ಚಿ, ದಾವಣಗೆರೆಗೆ ಮಗಳ ಮನೆಗೆ ಹೋಗ್ತೀನಿ. ಅವರ ಮನೆ ಜಗಲಿ ಚೆನ್ನಾಗಿದೆ, ಕೂತ್ಕೊಂಡಿರಬಹುದು.”

ಜಗಲಿಯ ಮಾತನ್ನು ಅವರು ಹೇಳಿದ ರೀತಿಯಲ್ಲಿ ಆ ಜಗಲಿಯ ಮೇಲೆ ಅವರಿಗಿದ್ದ ಹೆದರಿಕೆ ನನಗೆ ತಿಳಿಯಿತು.

ವಿಮಾನ ಕಟ್ಟಿ ಮುಗಿದ ಮೇಲೆ ಕೊನೆಯ ಕೆಲಸಕ್ಕೆ ನನ್ನನ್ನು ಕರೆದರು. ಬಣ್ಣ, ಕಿಟಕಿ, ಬಾಗಿಲ ಗೆರೆ, ತಗಡಿನ ಮೊಳೆಗಳಂತೆ ಕಾಣುವ ಚುಕ್ಕಿಗಳು, ಮತ್ತೆ ಆ ಹಾಳೆಯ ಚಿತ್ರಗಳು. ಅವರ ಮೇಜಿನ ಮೇಲೆ ಚಿನಿವಾರರಿಂದ ಎರವಲು ತಂದ, ಬಂಗಾರ ತೂಗುವ ಪುಟ್ಟ ತಕ್ಕಡಿ ಇತ್ತು. ಆಗ ಸರ್ಕಾರ ಗ್ರಾಮಿನ ಲೆಕ್ಕ ತಂದಾಗಿತ್ತು, ಆದರೆ ಚಿನಿವಾರರ ತಕ್ಕಡಿಗೆ ಇನ್ನೂ ತೊಲವೇ ಗೊತ್ತಿದ್ದುದು.

“ನೋಡು ಮಾರಾಯ, ಮೈಗೆಲ್ಲ ಸೇರಿ ಎರಡು ತೊಲ ಬಣ್ಣ. ಬಾಲಕ್ಕೆ ಕಾಲು ತೊಲ. ಅದಕ್ಕಿಂತ ಒಂದು ಸಾಸಿವೆ ಹೆಚ್ಚಾಗಬಾರದು. ಬಾಲ ಭಾರ ಆದ್ರೆ ಮೂತಿ ಮೇಲಕ್ಕೆ ಏಳುತ್ತೆ, ಎದ್ದ ಮೇಲೆ ಯಾವ ಗುಂಡಿ ಒತ್ತಿದ್ರೂ ಕೇಳಲ್ಲ.”

ಬಣ್ಣವನ್ನು ತೊಲದಲ್ಲಿ ಅಳೆಯುವವರನ್ನು ನಾನು ಅದುವರೆಗೆ ಕಂಡಿರಲಿಲ್ಲ. ನಮ್ಮ ಕಸುಬಿನಲ್ಲಿ ಬಣ್ಣ ದಪ್ಪವಿದ್ದರೆ ಮರ್ಯಾದೆ. ಮೊದಲು ಸೀಸದ ಬಿಳಿ ಎರಡು ಕೈ, ಅದರ ಮೇಲೆ ಅಕ್ಷರ, ಅಕ್ಷರಕ್ಕೆ ನೆರಳು, ನೆರಳಿಗೆ ಅಂಚು, ಎಲ್ಲದರ ಮೇಲೆ ವಾರ್ನಿಷು. ಹತ್ತು ಮಳೆಗಾಲ ತಾಳಬೇಕು. ಈ ವಿಮಾನ ಮಳೆಯಲ್ಲಿ ನಿಲ್ಲುವುದಿಲ್ಲ ಎಂದು ನನ್ನ ತಲೆ ಒಪ್ಪಿದರೂ ಕೈ ಒಪ್ಪುತ್ತಿರಲಿಲ್ಲ.

ಮೈ ಕೆಲಸ ಲೆಕ್ಕದ ಪ್ರಕಾರವೇ ಆಯಿತು, ಏಕೆಂದರೆ ಸಾಹೇಬರು ಪಕ್ಕದಲ್ಲಿ ಕೂತಿದ್ದರು. ಬಾಳೆಹಣ್ಣಿನ ವಾಸನೆಯ ತೆಳು ವಾರ್ನಿಷಿನಲ್ಲಿ ಬಣ್ಣ ಕಲಸಿ, ಹುಬ್ಬಿಗೆ ಕಾಡಿಗೆ ತೀಡಿದ ಹಾಗೆ ತೀಡಿದೆ. ಕಿಟಕಿಯೊಳಗೆ ಒಬ್ಬ ಪೈಲಟನ ಮುಖವನ್ನೂ ಬರೆದೆ.

“ಇವನ್ಯಾಕೆ ಮದುಮಗನ ಹಾಗಿದಾನೆ? ಮೀಸೆ ಕಡಿಮೆ ಮಾಡು. ಮೀಸೆಗೂ ತೂಕ ಇದೆ,” ಎಂದರು.

ಬಾಲವನ್ನು ಮಾತ್ರ ನಾನು ಬಿಚ್ಚಿಕೊಂಡು ನನ್ನ ಅಂಗಡಿಗೆ ತಂದೆ. ಹಾಳೆಯ ಚಿತ್ರಗಳನ್ನು ಅಂಟಿಸಬೇಕಾದದ್ದು ಅದರ ಮೇಲೆ: ಎರಡೂ ಬದಿಗೆ ಒಂದೊಂದು ಹದ್ದು, ಇಂಗ್ಲಿಷಿನ ನಾಲ್ಕು ಅಕ್ಷರ, ಎರಡು ಅಂಕಿ. ಹಾಳೆಯ ಜೊತೆ ಅಂಟಿಸುವ ವಿಧಾನವನ್ನು ಇಂಗ್ಲಿಷಿನಲ್ಲೂ ಅಚ್ಚು ಹಾಕಿದ ಚೀಟಿ ಇತ್ತು. “ಯಾರ ಕೈಲಾದ್ರೂ ಒಂದು ಸಲ ಓದಿಸು,” ಎಂದು ಸಾಹೇಬರು ಹೇಳಿದ್ದರು. ನಾನು ಇಂಗ್ಲಿಷನ್ನು ದಿನವೂ ಬರೆಯುವವನು, ಓದಲು ಬಾರದವನು. ಇದನ್ನು ಊರಿನಲ್ಲಿ ಯಾರಿಗೂ ತೋರಿಸಿಕೊಳ್ಳಲು ಇಷ್ಟವಿರಲಿಲ್ಲ. ಮೇಲಾಗಿ ಅಂಥ ಹಾಳೆಗಳು ನನಗೆ ಹೊಸವಲ್ಲ. ನಮ್ಮ ಓಣಿಯ ಸೈಕಲ್ ಶಾಪಿನ ರುದ್ರಣ್ಣನಿಗೆ ಎಷ್ಟೋ ಸೈಕಲ್ಲುಗಳ ಮೇಲೆ ನವಿಲು, ಹುಲಿ ಅಂಟಿಸಿಕೊಟ್ಟಿದ್ದೇನೆ. ಚಿತ್ರದ ಮುಖಕ್ಕೆ ವಾರ್ನಿಷು ಸವರಬೇಕು, ಅರೆ ಒಣಗಿದಾಗ ಮುಖ ಒಳಗಾಗಿ ಅಂಟಿಸಬೇಕು, ಹಿಂದಿನ ಕಾಗದವನ್ನು ನೀರಿನಲ್ಲಿ ನೆನೆಸಿ ಸುಲಿಯಬೇಕು. ನವಿಲು ಎದ್ದು ನಿಲ್ಲುತ್ತದೆ.

ಹಾಗೆಯೇ ಮಾಡಿದೆ. ಕಾಗದ ಸುಲಿದೆ. ಅಕ್ಷರಗಳೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಕೊಂಡಿದ್ದವು. ಹದ್ದುಗಳು ಮುಂದಕ್ಕೆ ಹಾರುವುದನ್ನು ಬಿಟ್ಟು ಹಿಂದಕ್ಕೆ ಹಾರುತ್ತಿದ್ದವು. ಆ ದೇಶದ ಹಾಳೆಯನ್ನು ನೀರಿನಲ್ಲಿ ನೆನೆಸಿ, ಮುಖ ಮೇಲಾಗಿಯೇ ಜಾರಿಸಿ ಕೂರಿಸಬೇಕಂತೆ. ಸೈಕಲ್ಲಿನದು ತಿರುಗಿಸಿ ಅಚ್ಚು ಹಾಕಿದ್ದು, ಇದು ನೇರ ಅಚ್ಚಿನದು. ಇದು ನನಗೆ ತಿಳಿದದ್ದು ಬಹಳ ದಿನಗಳ ಮೇಲೆ. ಇಪ್ಪತ್ತು ವರ್ಷ ಅಕ್ಷರ ಬರೆದು ಹೊಟ್ಟೆ ಹೊರೆದವನು ನಾಲ್ಕು ಅಕ್ಷರವನ್ನು ತಿರುಗಾಮುರುಗಾ ಅಂಟಿಸಿದ್ದೆ.

ಸುಲಿಯೋಣವೆಂದರೆ ತೆಳು ಕಾಗದ ಹರಿಯುತ್ತದೆ. ಬೋರ್ಡಿನ ಮೇಲೆ ತಪ್ಪಾದರೆ ನಾವು ಮಾಡುವುದು ಒಂದೇ: ಸೀಸದ ಬಿಳಿ ಹೊಡೆದು ಮುಚ್ಚುವುದು. ಒಂದು ಕೈ ಹೊಡೆದೆ, ಹದ್ದಿನ ಕಣ್ಣು ಇಣುಕುತ್ತಿತ್ತು. ಇನ್ನೊಂದು ಕೈ ಹೊಡೆದೆ. ಅದರ ಮೇಲೆ ಅಕ್ಷರಗಳನ್ನು ಕೈಯಲ್ಲೇ ಬರೆದೆ. ಬರೆದದ್ದು ಚೆನ್ನಾಗಿ ಬಂತು, ಆದ್ದರಿಂದ ನೆರಳು ಕೊಟ್ಟೆ. ನೆರಳು ಚೆನ್ನಾಗಿ ಬಂತು, ಬಂಗಾರದ ಅಂಚು ಕೊಟ್ಟೆ. ಇಷ್ಟಾದ ಮೇಲೆ ವಾರ್ನಿಷು ಕೊಡದಿದ್ದರೆ ಹೇಗೆ? ತಕ್ಕಡಿಯ ನೆನಪು ಬಂದಿತ್ತು. ಆದರೆ ಒದ್ದೆ ಬಟ್ಟೆ ಒಣಗಿದರೆ ಹಗುರವಾಗುತ್ತದಲ್ಲ, ಬಣ್ಣವೂ ಹಾಗೆಯೇ ಎಂದು ಸಮಾಧಾನ ಹೇಳಿಕೊಂಡೆ. ಎಣ್ಣೆಯ ಬಣ್ಣ ಒಣಗಿದರೂ ಎಲ್ಲಿಗೂ ಹೋಗುವುದಿಲ್ಲ ಎಂಬುದನ್ನು ಇಪ್ಪತ್ತು ವರ್ಷದ ಕಸುಬು ನನಗೆ ಕಲಿಸಿರಲಿಲ್ಲ. ನಾನು ಯಾವತ್ತೂ ಬೋರ್ಡನ್ನು ತೂಗಿದವನಲ್ಲ.

ಸಾಹೇಬರು ಬಾಲವನ್ನು ನೋಡಿ ಸಂತೋಷಪಟ್ಟರು. “ಹಾಳೆ ಚಿತ್ರ ಏನಾಯ್ತು?”

“ಹಳೇದು ಸಾಹೇಬ್ರೇ, ಪುಡಿಪುಡಿ ಆಯ್ತು. ಕೈಯಲ್ಲೇ ಬರೆದೆ.”

“ತೂಕ?”

“ನೀವು ಹೇಳಿದ್ದೇ.”

ಅವರು ತೂಗಲಿಲ್ಲ. ನಾನು ಹೇಳಿದ್ದೆನಲ್ಲ.

ಭಾನುವಾರ ಬೆಳಿಗ್ಗೆ ರೈಲಿನಲ್ಲಿ ಭದ್ರಾವತಿಗೆ ಹೊರಟೆವು. ಅಲ್ಲಿ ಕೆಲಸಗಾರರ ಕಾಲೋನಿಯ ಆಟದ ಬಯಲಿನಲ್ಲಿ ಹಾರಿಸಲು ಅಪ್ಪಣೆ ಸಿಕ್ಕಿತ್ತು. ರುದ್ರಣ್ಣನೂ ಬಂದಿದ್ದ, ಬಜಾರಿನ ಇನ್ನೂ ಕೆಲವರು ಬಂದಿದ್ದರು. ರೆಕ್ಕೆಯನ್ನು ದುಪ್ಪಟಿಯಲ್ಲಿ ಸುತ್ತಿ ನಾನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಎದುರು ಕೂತ ಸೊಪ್ಪಿನ ಬುಟ್ಟಿಯ ಹೆಂಗಸು ಬಹಳ ಹೊತ್ತು ನೋಡಿದಳು.

“ಏನಣ್ಣ ಅದು, ತೊಟ್ಟಿಲಾ?”

“ಅಲ್ಲಮ್ಮ, ವಿಮಾನ.”

“ವಿಮಾನ ಇಟ್ಕೊಂಡು ರೈಲಲ್ಲಿ ಯಾಕೆ ಹೋಗ್ತಿದೀರಿ?”

ಸಾಹೇಬರು ಅಷ್ಟು ನಕ್ಕದ್ದನ್ನು ನಾನು ಮತ್ತೆ ಕಾಣಲಿಲ್ಲ.

ಬಯಲಿನಲ್ಲಿ ಜನ ಸೇರಿತು. ಸಾಹೇಬರು ಹರಳೆಣ್ಣೆ, ಸೀಮೆಎಣ್ಣೆ, ಈಥರ್ ಕಲಸಿದ ಬಾಟಲಿಯಿಂದ ಇಂಜಿನ್ನಿಗೆ ಕುಡಿಸಿದರು. ಹಾರಿಸುವ ಮೊದಲು ಒಂದು ಪರೀಕ್ಷೆ ಇತ್ತು. ಎರಡೂ ರೆಕ್ಕೆಯ ಕೆಳಗೆ, ಮೈಗೆ ಹತ್ತಿರದಲ್ಲಿ, ಒಂದೊಂದು ಬೆರಳಿಟ್ಟು ಎತ್ತಬೇಕು. ವಿಮಾನ ಮಟ್ಟವಾಗಿ ನಿಲ್ಲಬೇಕು. ಸಾಹೇಬರು ಕೈ ಹಾಕಿದರು, ವಿಮಾನ ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲುಗಿತು. ಅವರು ಕೈ ತೆಗೆದರು.

“ನನ್ನ ಕೈಯಲ್ಲಿ ಏನೂ ತಿಳಿಯಲ್ಲ. ನಿನ್ನ ಕೈ ಕಲ್ಲು. ನೀನು ನೋಡಿ ಹೇಳು.”

ನಾನು ಎತ್ತಿದೆ. ನನ್ನ ಬೆರಳು ಅಲುಗಲಿಲ್ಲ. ಬಾಲ ಮಾತ್ರ ಹಟ ಹಿಡಿದ ಕತ್ತೆ ಕೂತ ಹಾಗೆ ಕೆಳಗೆ ಕೂತಿತು. ಸುತ್ತ ಜನ. ರುದ್ರಣ್ಣ ನೋಡುತ್ತಿದ್ದ. ಕೂತ ಹದ್ದಿನ ಬಾಲ ಕೆಳಗೇ ಇರುತ್ತದಲ್ಲ ಎಂದು ಏನೋ ಒಂದು ಯೋಚನೆ ಬಂತು. ಬೆನ್ನಿನಿಂದ ಅವರಿಗೆ ಮರೆ ಮಾಡಿ, ಕಿರುಬೆರಳಿನಿಂದ ಮೈಯ ಬಾಲದ ಕಡೆಯನ್ನು ಸ್ವಲ್ಪ ಎತ್ತಿಕೊಂಡು ಹೇಳಿದೆ:

“ಸರಿ ಇದೆ ಸಾಹೇಬ್ರೇ.”

ಎಸೆದವನೂ ನಾನೇ. ವಿಮಾನ ನನ್ನ ಕೈ ಬಿಟ್ಟು ಹತ್ತು ಮಾರು ಹೋಯಿತು. ಮೂತಿ ಎತ್ತಿತು. ಇನ್ನೂ ಎತ್ತಿತು. ಜನ ಚಪ್ಪಾಳೆ ತಟ್ಟಿದರು. ಸಾಹೇಬರು ಗುಂಡಿ ಒತ್ತಿದರು, ಒತ್ತಿದರು. ಮುಂಗಾಲೆತ್ತಿದ ಕುದುರೆಯ ಹಾಗೆ ಅದು ಆಕಾಶದಲ್ಲಿ ಒಂದು ಗಳಿಗೆ ನಿಂತು, ಪಕ್ಕಕ್ಕೆ ಮಗುಚಿ, ಗೋಲಿನ ಕಂಬದ ಬುಡಕ್ಕೆ ಬಿತ್ತು.

ಸಾಹೇಬರು ನಿಧಾನವಾಗಿ ನಡೆದುಹೋಗಿ ಕೂತರು. ಮುರಿದ ಮೈಯೊಳಗಿಂದ ರೇಡಿಯೊವನ್ನು ತೆಗೆದರು. ಒಂದು ತಂತಿ ಬೆಸುಗೆ ಬಿಟ್ಟು ಜೋತಾಡುತ್ತಿತ್ತು. ಅದನ್ನು ಎರಡು ಬೆರಳಲ್ಲಿ ಹಿಡಿದು ಎಲ್ಲರಿಗೂ ತೋರಿಸಿದರು.

“ಇದೇ ನೋಡಿ. ನನ್ನ ಬೆಸುಗೆ.”

“ಪಾಪ, ಕೈ ನಡುಗುತ್ತಲ್ಲ,” ಎಂದ ರುದ್ರಣ್ಣ. ಎಲ್ಲರೂ ಹೌದೆಂದು ತಲೆಯಾಡಿಸಿದರು. ನಾನೂ ಆಡಿಸಿದೆ.

ಮಾರನೆಯ ದಿನದಿಂದ ಅವರು ಹೊಸ ರೇಡಿಯೊ ತೆಗೆದುಕೊಳ್ಳಲಿಲ್ಲ. ಒಪ್ಪಿಕೊಂಡಿದ್ದವನ್ನೂ ವಾಪಸು ಕೊಡತೊಡಗಿದರು. ಜನ ರೇಡಿಯೊವನ್ನು ಮಗುವಿನ ಹಾಗೆ ಎತ್ತಿಕೊಂಡು ಹೋಗುವುದನ್ನು ನಾನು ಎದುರಿನಿಂದ ನೋಡುತ್ತಿದ್ದೆ. ನೆಲಕ್ಕೆ ಬಡಿದ ಪೆಟ್ಟಿಗೆಯಲ್ಲಿ ಎಂಥ ಬೆಸುಗೆಯಾದರೂ ಬಿಡುತ್ತದೆ ಎಂದು ಹೇಳಲು ರಸ್ತೆ ದಾಟಿದರೆ ಸಾಕಿತ್ತು. ಎಂಟು ದಿನ ದಾಟಲಿಲ್ಲ.

ಮನೆಯಲ್ಲಿ ಹೆಂಡತಿ, “ಅನ್ನಾನ ಬಣ್ಣ ಕಲಸಿದ ಹಾಗೆ ಕಲಸ್ತಾ ಕೂತಿದೀರಿ. ಏನು ಮಾಡ್ಕೊಂಡಿದೀರಿ ಹೇಳಿ,” ಎಂದಳು. ಎಲ್ಲ ಹೇಳಿದೆ. ಅವಳು ಸಾರು ಬಡಿಸುತ್ತ, “ನನಗ್ಯಾಕೆ ಹೇಳ್ತೀರಿ? ಅಂಗಡಿ ಮುಚ್ತಿರೋದು ನಾನಲ್ಲ,” ಎಂದಳು.

ಒಂಬತ್ತನೆಯ ದಿನ ಸಾಹೇಬರೇ ರಸ್ತೆ ದಾಟಿ ಬಂದರು.

“ಮಾರಾಯ, ಒಂದು ಕೆಲಸ ಇದೆ. ನನ್ನ ಬೋರ್ಡು ಅಳಿಸಿಬಿಡು. ಜನ ಓದ್ಕೊಂಡು ಬರ್ತಾನೇ ಇದಾರೆ, ಇಲ್ಲ ಅಂತ ಹೇಳಿ ಹೇಳಿ ಬಾಯಿ ಒಣಗ್ತಿದೆ.”

ಇಂಥ ಕೆಲಸಕ್ಕೆ ಬೇಕಾದ ಬಣ್ಣ ನನ್ನಲ್ಲಿ ತಯಾರಿತ್ತು. ಬಾಲಕ್ಕೆ ಹೊಡೆದ ಡಬ್ಬಿಯೇ. ಏಣಿ ಹಾಕಿ ಹತ್ತಿದೆ. ಸಾಹೇಬರು ಕೆಳಗೆ ಏಣಿ ಹಿಡಿದುಕೊಂಡು ನಿಂತರು. ಅವರ ಕೈಯ ನಡುಕ ಏಣಿಯ ಮರದಲ್ಲಿ ಹತ್ತಿ ನನ್ನ ಪಾದಕ್ಕೆ ಬರುತ್ತಿತ್ತು. ಕುಂಚವನ್ನು ಬಣ್ಣದಲ್ಲಿ ಅದ್ದಿ ಎತ್ತಿದವನಿಗೆ ಕೈ ಮುಂದೆ ಹೋಗಲಿಲ್ಲ.

“ಸಾಹೇಬ್ರೇ, ಬಾಲ ಭಾರ ಇತ್ತು.”

“ಏನಂದೆ? ಇಳಿದು ಹೇಳು.”

“ಇಳಿಯಲ್ಲ. ಮೊದಲು ಕೇಳಿ.” ಇಳಿದರೆ ಮುಖ ನೋಡಬೇಕಾಗುತ್ತದೆ. ಏಣಿಯ ಮೇಲಿಂದಲೇ, ಗೋಡೆ ನೋಡುತ್ತ, ತಿರುಗಿದ ಅಕ್ಷರ, ಬಿಳಿ, ನೆರಳು, ಬಂಗಾರದ ಅಂಚು, ಕಿರುಬೆರಳು ಎಲ್ಲವನ್ನೂ ಹೇಳಿದೆ. ಹೇಳಿ ಮುಗಿಸುವಾಗ ಏಣಿಯ ನಡುಕ ನಿಂತಿತ್ತು. ಕೆಳಗೆ ನೋಡಿದರೆ ಅವರು ಇರಲಿಲ್ಲ.

ಒಳಗೆ ತಕ್ಕಡಿ ಮುಂದೆ ಕೂತಿದ್ದರು. ಬಾಲವನ್ನು ತೂಗಿ, ಬಣ್ಣವಿಲ್ಲದಾಗ ಬರೆದಿಟ್ಟಿದ್ದ ತೂಕವನ್ನು ಕಳೆದರು.

“ಎರಡೂವರೆ ತೊಲ. ನನ್ನ ಮಗಳ ಮದುವೇಲಿ ಇಷ್ಟು ಬಂಗಾರ ಹಾಕೋಕಾಗಲಿಲ್ಲ ಮಾರಾಯ. ನೀನು ಬಾಲಕ್ಕೆ ಹಾಕಿದೀಯ.”

ನಾನು ನಗಬಹುದೇನೋ ಎಂದುಕೊಂಡೆ. ಅವರು ತಲೆ ಎತ್ತಿದರು.

“ಬಣ್ಣ ಹೆಚ್ಚಾಯ್ತು, ಇರಲಿ, ಅದು ನಿನ್ನ ಕಸುಬಿನ ಚಟ. ನನ್ನ ಕೈಯಲ್ಲಿ ಆಗಲ್ಲ, ನೀನು ನೋಡಿ ಹೇಳು ಅಂದೆ. ಸರಿ ಇದೆ ಅಂದೆ ನೀನು. ಅದು ಯಾವ ಕಸುಬು?”

ಅವರು ನಾಲ್ಕು ದಿನ ನನ್ನೊಡನೆ ಮಾತಾಡಲಿಲ್ಲ. ಐದನೆಯ ದಿನ ಬಾಲವನ್ನೂ ಒಂದು ಗಾಜಿನ ಚೂರನ್ನೂ ತಂದು ನನ್ನ ಮುಂದಿಟ್ಟರು. “ಕೆರೆ. ಕಾಗದ ಹರಿದ್ರೆ ಹೊಸದು ಹೊದಿಸ್ತೀನಿ. ಮರ ಮುಟ್ಟಬೇಡ.”

ಆ ಬಾಲವನ್ನು ಕೆರೆಯಲು ನನಗೆ ಮೂರು ವಾರ ಹಿಡಿಯಿತು. ಬರೆಯಲು ಎರಡು ದಿನ ಸಾಕಾಗಿತ್ತು. ಬಂಗಾರದ ಅಂಚನ್ನು ನಾನು ಎಷ್ಟು ಗಟ್ಟಿಯಾಗಿ ಹಾಕಿದ್ದೆನೆಂದರೆ, ನನ್ನ ಕೆಲಸದ ಬಗ್ಗೆ ನನಗೇ ಹೆಮ್ಮೆಯಾಗಿ ಎರಡು ಸಲ ನಿಲ್ಲಿಸಿ ನೋಡಿದೆ. ಸಾಹೇಬರು ಅತ್ತ ಮೂತಿ, ರೆಕ್ಕೆ ಕಟ್ಟಿದರು. ಬಿಟ್ಟಿದ್ದ ಆ ಒಂದು ತಂತಿಯನ್ನು ಮತ್ತೆ ಬೆಸೆದರು. ಉಳಿದ ಬೆಸುಗೆಗಳನ್ನು ಮುಟ್ಟಲಿಲ್ಲ. “ಅವು ಹೇಗಿವೆಯೋ ಹಾಗೇ ಹೋಗಲಿ,” ಎಂದರು.

ಎರಡನೆಯ ಸಲ ಯಾರಿಗೂ ಹೇಳಲಿಲ್ಲ. ಕೊಯ್ಲು ಮುಗಿದ ಮೇಲೆ, ಒಂದು ಬುಧವಾರ ಬೆಳಿಗ್ಗೆ, ನವುಲೆ ಕಡೆಯ ಗದ್ದೆ ಬಯಲಿಗೆ ನಾವಿಬ್ಬರೇ ಹೋದೆವು. ವಿಮಾನಕ್ಕೆ ಚರ್ಮರೋಗ ಬಂದ ಹಾಗಿತ್ತು; ಬಾಲದ ಮೇಲೆ ಒಂದು ಅಕ್ಷರವಿಲ್ಲ, ಹದ್ದಿಲ್ಲ. ಬೆರಳಿನ ಮೇಲೆ ಎತ್ತಿದೆ. ಮಟ್ಟವಾಗಿ ನಿಂತಿತು.

“ಸರಿ ಇದೆ ಸಾಹೇಬ್ರೇ.”

ಅವರು ಬಂದು, ಬಗ್ಗಿ, ಒಂದು ಸುತ್ತು ಹಾಕಿ ಎಲ್ಲ ಕಡೆಯಿಂದ ನೋಡಿದರು. ನನ್ನ ಕಿರುಬೆರಳನ್ನೂ ನೋಡಿದರು.

ಆಮೇಲೆ ಗುಂಡಿಯ ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟರು. “ನಾನು ಒತ್ತಿದ್ರೆ ನಡುಕಕ್ಕೆ ಒಂದರ ಬದಲು ಎರಡು ಸಲ ಒತ್ತುತ್ತೆ. ಬಲಕ್ಕೆ ಅಂದ್ರೆ ಎಡಕ್ಕೆ ಹೋಗುತ್ತೆ. ನಾನು ಹೇಳ್ತೀನಿ, ನೀನು ಒತ್ತು. ನಿನ್ನ ಬುದ್ಧಿ ಉಪಯೋಗಿಸಬೇಡ.”

ಎಸೆದದ್ದು ಅವರೇ. ವಿಮಾನ ಮೇಲೇರಿ, ಜೇನಿನ ಹಾಗೆ ಗುಂಯ್‌ಗುಡುತ್ತ ಬಯಲಿನ ಕೊನೆಯವರೆಗೆ ಹೋಯಿತು. ಅಲ್ಲಿಂದ ಮುಂದೆ ಮರಗಳು.

“ಒತ್ತು.” ಒತ್ತಿದೆ. “ಹಿಡಿ. ಹಿಡಿ. ಬಿಡು.”

ವಿಮಾನ ಬಲಕ್ಕೆ ಹೊರಳಿ ನಮ್ಮ ಕಡೆಗೆ ತಿರುಗಿತು. ಅಷ್ಟು ದೂರದಲ್ಲಿ, ಅಷ್ಟು ಜಾಡಿಸುವ ಇಂಜಿನ್ನಿನ ಹಿಂದೆ, ಅವರು ಎರಡು ನಡುಕದ ನಡುವೆ ಕಾದು ಹಾಕಿದ ಬೆಸುಗೆಗಳು ಮಾತು ಕೇಳುತ್ತಿದ್ದವು. ಮೂರು ಸುತ್ತು ಬಂತು. ಮೂರನೆಯ ಸುತ್ತಿನಲ್ಲಿ ಎಣ್ಣೆ ಮುಗಿದು, ಸದ್ದಿಲ್ಲದೆ ಇಳಿದು ಭತ್ತದ ಕೂಳೆಯ ಮೇಲೆ ಜಾರಿ ನಿಂತಿತು.

ಸಾಹೇಬರು ಅದರ ಹತ್ತಿರ ಓಡಿದರು. ಅವರು ಓಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಮುಚ್ಚಳ ತೆಗೆದು, ಚಿಮಟದಿಂದ ಪ್ರತಿಯೊಂದು ತಂತಿಯನ್ನೂ ಹಿಡಿದು ಎಳೆದರು. ಒಂದಾದ ಮೇಲೊಂದು. ಕೊನೆಯದಾದ ಮೇಲೆ ಗದ್ದೆಯ ಬದುವಿನ ಮೇಲೆ ಕೂತು ಎರಡೂ ಕೈಯನ್ನು ಮಂಡಿಯ ಮೇಲಿಟ್ಟು ನೋಡಿಕೊಂಡರು. ಬಲಗೈ ಎಂದಿನಂತೆ ನಡುಗುತ್ತಿತ್ತು.

“ನಾಳೆ ಅಂಗಡಿ ತೆಗೀತೀನಿ,” ಎಂದರು.

ಬರುವಾಗ ನಾನು ಬಜಾರಿನಲ್ಲಿ ಎಲ್ಲರಿಗೂ ನಿಜ ಹೇಳುತ್ತೇನೆ ಎಂದೆ. ಅವರು ನಿಂತರು.

“ಹೇಳಿದ್ರೆ ನಿನ್ನ ಕೈಲಿ ಬೋರ್ಡು ಯಾರು ಬರೆಸ್ತಾರೆ? ಅಕ್ಷರ ತಿರುಗಾಮುರುಗಾ ಅಂಟಿಸೋ ಪೇಂಟರ್ ಅಂತಾರೆ. ಸುಮ್ನಿರು. ನನಗೆ ಗೊತ್ತಾಯ್ತಲ್ಲ, ಸಾಕು.”

ಇಲ್ಲ, ಹೇಳಿಯೇ ಹೇಳುತ್ತೇನೆ ಎಂದು ನಾನು ಒಂದು ಮಾತಿಗಾದರೂ ಎನ್ನಬಹುದಿತ್ತು. ಎನ್ನಲಿಲ್ಲ. ಆಮೇಲೆ ಐದು ವರ್ಷ ಅವರು ಅಂಗಡಿ ನಡೆಸಿದರು. ಬಂದ ರೇಡಿಯೊಗಳು ಹಾಡಿಕೊಂಡೇ ಹೋದವು. ಆದರೆ ಬರುವವರು ಕಡಿಮೆಯಾದರು. ಕೈ ನಡುಗಿ ವಿಮಾನ ಬೀಳಿಸಿದ ಮುದುಕರು ಎಂಬ ಮಾತು ಓಣಿಯಲ್ಲಿ ನಿಂತುಬಿಟ್ಟಿತ್ತು. ಬಸ್‌ಸ್ಟ್ಯಾಂಡಿನ ಹತ್ತಿರ ಒಬ್ಬ ಹೊಸಬ ರೇಡಿಯೊ ಅಂಗಡಿ ತೆಗೆದ. ಜನ ಅಲ್ಲಿಗೆ ಹೋದರು. ಅವನ ಬೋರ್ಡು ಬರೆದವನೂ ನಾನೇ. ನೆರಳು, ಅಂಚು, ಎಲ್ಲ ಹಾಕಿ, ಬಹಳ ಚೆನ್ನಾಗಿ ಬರೆದೆ.

ಹೋದ ತಿಂಗಳು ಅವರನ್ನು ಮಣ್ಣಿಗಿಡುವ ದಿನ ನಾವು ಬಜಾರಿನವರು ಖಬರಸ್ತಾನದ ಗೋಡೆಯ ಪಕ್ಕ ಬೇವಿನ ಮರದ ಕೆಳಗೆ ನಿಂತಿದ್ದೆವು. ರುದ್ರಣ್ಣ ನಿಟ್ಟುಸಿರು ಬಿಟ್ಟ.

“ಒಳ್ಳೇ ಕೆಲಸಗಾರರು. ಆ ಕೈ ಒಂದು ಕೆಡದೇ ಇದ್ದಿದ್ರೆ. ಭದ್ರಾವತೀಲಿ ಆ ವಿಮಾನ ಬಿದ್ದದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.”

ಎಲ್ಲರೂ ಹೌದೆಂದು ತಲೆಯಾಡಿಸಿದರು. ಈ ಸಲ ನಾನು ಆಡಿಸಲಿಲ್ಲ.

“ಅವರ ಕೈಯಿಂದ ಬಿದ್ದದ್ದಲ್ಲ ರುದ್ರಣ್ಣ. ನನ್ನಿಂದ. ಬಾಲಕ್ಕೆ ಎರಡೂವರೆ ತೊಲ ಬಣ್ಣ ಬಳಿದಿದ್ದೆ. ಬೀಳುತ್ತೆ ಅಂತ ಅನುಮಾನ ಇದ್ರೂ ಸರಿ ಇದೆ ಅಂದೆ. ಆಮೇಲೆ ನವುಲೇಲಿ ಹಾರಿಸಿದ್ವಿ. ಮೂರು ಸುತ್ತು ಬಂತು. ಅವರ ಒಂದು ಬೆಸುಗೆನೂ ಬಿಟ್ಟಿರಲಿಲ್ಲ.”

ರುದ್ರಣ್ಣ ನನ್ನ ಹೆಗಲ ಮೇಲೆ ಕೈ ಇಟ್ಟ.

“ಇರ್ಲಿ ಬಿಡಿ ಪೇಂಟರ್ರೇ. ಅವರನ್ನ ಕಂಡ್ರೆ ನಿಮಗೆ ಎಷ್ಟು ಪ್ರೀತಿ ಅಂತ ಗೊತ್ತು. ಹೋದೋರ ತಪ್ಪು ತಲೆ ಮೇಲೆ ಹಾಕ್ಕೋಬೇಕು ಅಂತ ಅನ್ಸೋದು ದೊಡ್ಡ ಮನಸ್ಸು.”

“ಮನಸ್ಸಲ್ಲ ಮಾರಾಯ, ನಿಜ ಹೇಳ್ತಿದೀನಿ. ಹಾಳೆ ಅಕ್ಷರ ಎಲ್ಲ ತಿರುಗಾಮುರುಗಾ ಅಂಟಿಸಿಬಿಟ್ಟಿದ್ದೆ. ಅದನ್ನ ಮುಚ್ಚೋಕೆ ಹೋಗಿ ಬಳಿದದ್ದು.”

ಅವನು ಆ ಜಾಗದಲ್ಲೂ ಸ್ವಲ್ಪ ನಕ್ಕ. “ನನ್ನ ಶಾಪಿನ ಸೈಕಲ್‌ಗೆಲ್ಲ ಅಂಟಿಸಿದೋರು ನೀವು. ಒಂದು ನವಿಲು ಡೊಂಕಾಗಿಲ್ಲ. ಕಥೆ ಕಟ್ಟೋದಾದ್ರೆ ನಂಬೋ ಹಾಗೆ ಕಟ್ಟಿ.”

ಮಣ್ಣು ಹಾಕಿ ಹೊರಗೆ ಬಂದವರಿಗೆ ಅವನೇ ಹೇಳಿದ, ಪೇಂಟರು ಎಷ್ಟು ಒಳ್ಳೆಯವರು ನೋಡಿ ಎಂದು. ಚಹಾದಂಗಡಿಯವನು ನನ್ನ ಕೈ ಹಿಡಿದು ಕಣ್ಣು ಒರೆಸಿಕೊಂಡ. ಸಾಹೇಬರ ಅಳಿಯ ದಾವಣಗೆರೆಯಿಂದ ಬಂದಿದ್ದವರು, ನನ್ನಂಥ ಸ್ನೇಹಿತರು ಮಾವನಿಗೆ ಇದ್ದದ್ದು ಅವರ ಪುಣ್ಯ ಎಂದರು. ನಾನು ಇಲ್ಲ ಇಲ್ಲ ಎನ್ನುತ್ತಲೇ ನಡೆದೆ. ಬಜಾರು ತಲುಪುವಷ್ಟರಲ್ಲಿ ನಾನು ಇನ್ನಷ್ಟು ಒಳ್ಳೆಯವನಾಗಿದ್ದೆ.